ಏಳು ದಿನ ನೀರು ಕುಡಿದ ಅಡುಗೆಕಟ್ಟೆ

ರಿಪ್ಪನ್‌ಪೇಟೆಯ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದ ನಿರಂಜನನಿಗೆ ಹದಿನೆಂಟು ವರ್ಷಗಳಿಂದ ಇದ್ದದ್ದು ಒಂದೇ ಕೆಲಸ: ತಡವಾಗಿ ಬಂದವರನ್ನು ಬೈಯುವುದು. ಸಾಗರದ ಬಸ್ಸು ಎರಡು ನಿಮಿಷ ತಡವಾದರೆ ಹುಬ್ಬು ಗಂಟಿಕ್ಕುತ್ತಿದ್ದ. ತೀರ್ಥಹಳ್ಳಿಯದು ನಾಲ್ಕು ನಿಮಿಷ ತಡವಾದರೆ ಸೀಟಿ ಊದುತ್ತಿದ್ದ. ಹುಂಚದಲ್ಲಿ ಚಹಾ ಕುಡಿಯಲು ನಿಲ್ಲಿಸಿದೆನೆಂದು ಒಪ್ಪಿಕೊಂಡ ಡ್ರೈವರನಿಗಂತೂ ಸಮಯಪಾಲನೆಯ ಮೇಲೆ ಪೂರ್ತಿ ಒಂದು ಭಾಷಣ ಸಿಗುತ್ತಿತ್ತು; ಆ ಭಾಷಣದಿಂದ ಬಸ್ಸು ಇನ್ನೂ ಐದು ನಿಮಿಷ ತಡವಾಗುತ್ತಿತ್ತು. ಇಂಥ ಮನುಷ್ಯನಿಗೆ ನಲವತ್ತೆರಡು ತುಂಬಿದರೂ ಮದುವೆಯಾಗಿರಲಿಲ್ಲ. ಬೈಸಿಕೊಂಡ ಡ್ರೈವರುಗಳು ಗೇರು ಹಾಕುತ್ತ ಈ ಮಾತನ್ನು ಅವನಿಗೆ ನೆನಪಿಸದೆ ಹೊರಡುತ್ತಿರಲಿಲ್ಲ.

ಮದುವೆಯಾಗದಿದ್ದುದಕ್ಕೆ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿದವಳು ಅಕ್ಕ ಕನ್ನಮ್ಮ. ಅಕ್ಕನನ್ನು ಸಾಕಿದವನು ಭಾವ ಹುಲಿಯಪ್ಪ. ಆದ್ದರಿಂದ ನಿರಂಜನ ಯಾವ ಬಣ್ಣದ ಅಂಗಿ ಹಾಕಬೇಕು, ಯಾವ ಹಲ್ಲು ಕೀಳಿಸಬೇಕು, ಯಾವ ಹುಡುಗಿಯನ್ನು ಬೇಡವೆನ್ನಬೇಕು ಎಂಬುದನ್ನೆಲ್ಲ ಹುಲಿಯಪ್ಪನೇ ನಿರ್ಧರಿಸುತ್ತಿದ್ದ. ಹಾಗೆ ಒಂಬತ್ತು ಹುಡುಗಿಯರನ್ನು ಹುಲಿಯಪ್ಪ ಬೇಡವೆಂದಿದ್ದ. ಹತ್ತನೆಯ ಹೊತ್ತಿಗೆ ಹುಡುಗಿಯರೇ ನಿರಂಜನನನ್ನು ಬೇಡವೆನ್ನುವ ಕಾಲ ಬಂದಿತ್ತು.

ಆಶಾಳ ಪರಿಚಯವಾದದ್ದು ಭಾವನ ನೆರವಿಲ್ಲದೆ. ಕೆಳದಿಯ ಹತ್ತಿರದ ಒಂದು ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಮೂವತ್ತಾರು ವರ್ಷದ ಹೆಂಗಸು ಆಕೆ. ಒಂದು ದಿನ ಸಾಗರದ ಬಸ್ಸು ತಪ್ಪಿ ರಿಪ್ಪನ್‌ಪೇಟೆಯಲ್ಲಿ ನಲವತ್ತು ನಿಮಿಷ ಕೂರಬೇಕಾಯಿತು. ನಿರಂಜನ ಚಹಾ ತರಿಸಿಕೊಟ್ಟ. ಮುಂದಿನ ಸಲ ಬಸ್ಸಿನ ಹೊತ್ತು ತಿಳಿಸಲು ಅನುಕೂಲವಾಗಲಿ ಎಂದು ನಂಬರು ಕೇಳಿದ. ಆಮೇಲೆ ಆರು ತಿಂಗಳು ಅವಳಿಗೆ ಬಸ್ಸಿನ ಹೊತ್ತು ತಿಳಿಸಿದ್ದೇ ತಿಳಿಸಿದ್ದು. ಅವಳು ಆ ಬಸ್ಸಿಗೆ ಬರದ ದಿನಗಳಲ್ಲೂ ತಿಳಿಸಿದ. ಕೊನೆಗೆ ಅವಳೇ ಮದುವೆಯ ಮಾತು ತೆಗೆದಳು.

"ನಂಗೆ ವಯಸ್ಸು, ಬಣ್ಣ, ಜಮೀನು ಎಂತದೂ ಬೇಡ. ಎರಡೇ ಎರಡು. ಬಚ್ಚಲು ಮನೆ ಒಳಗಿರ್ಬೇಕು. ನಿಂತ್ಕಂಡು ಅಡುಗೆ ಮಾಡೋ ಕಟ್ಟೆ ಇರ್ಬೇಕು. ನಮ್ಮಮ್ಮ ನೆಲದ ಒಲೆ ಊದಿ ಊದಿ ಸೊಂಟ ಕಳ್ಕಂಡ್ಳು. ಅದೊಂದು ನಂಗಾಗಲ್ಲ."

ನಿರಂಜನನಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವನ ಫೋನಿನಲ್ಲಿ ಅವಳ ಹೆಸರಿಗೆ ಮಾತ್ರ ಕೊಳಲಿನ ನಾದ ಇಟ್ಟುಕೊಂಡಿದ್ದ, ಹಾರ್ನುಗಳ ನಡುವೆ ಅದೊಂದು ತಪ್ಪದೆ ಕೇಳಲಿ ಎಂದು. ಮುಂದಿನ ತಿಂಗಳ ಮೂರನೆಯ ಭಾನುವಾರ ಹುಡುಗಿ ಕಡೆಯವರು ಮನೆ ನೋಡಲು ಬರುವುದೆಂದು ಮಾತಾಯಿತು.

ಮನೆಯೇನೋ ಇತ್ತು. ಸಂತೆಮಾಳದ ಹಿಂದಿನ ಓಣಿಯಲ್ಲಿ, ನಿವೃತ್ತ ಪೋಸ್ಟ್ ಮಾಸ್ತರೊಬ್ಬರಿಂದ ಮೂರು ವರ್ಷದ ಹಿಂದೆ ಕೊಂಡ ಎಪ್ಪತ್ತು ವರ್ಷದ ಹಂಚಿನ ಮನೆ. ಗೋಡೆಗಳು ಮಣ್ಣಿನವು. ಬಚ್ಚಲು ಹಿತ್ತಿಲ ಬಾವಿಯ ಪಕ್ಕ ಇತ್ತು. ಒಲೆ ನೆಲದ ಮೇಲಿತ್ತು. ಅಂದರೆ ಆಶಾ ಯಾವ ಎರಡನ್ನು ಬೇಡವೆಂದಿದ್ದಳೋ ಆ ಎರಡೂ ಅಲ್ಲಿ ಬಹಳ ಗಟ್ಟಿಮುಟ್ಟಾಗಿದ್ದವು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ಹಿರಿಯರು ಬೇರೆಬೇರೆಯಾಗಿ ಹೇಳಿದ್ದರು. ನಿರಂಜನ ಎರಡನ್ನೂ ಒಂದೇ ತಿಂಗಳಿಗೆ ಇಟ್ಟುಕೊಂಡ.

ಒಬ್ಬ ಒಳ್ಳೆಯ ಮೇಸ್ತ್ರಿಯನ್ನು ಕರೆಸುವುದೆಂದು ಅವನು ಅಂದುಕೊಂಡಿದ್ದ. ಹುಲಿಯಪ್ಪನಿಗೆ ಸುದ್ದಿ ಹೋಯಿತು. ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಗಂಡ ಹೆಂಡತಿ ಚೀಲ ಸಮೇತ ಬಂದಿಳಿದರು.

"ನಾನೇನ್ ಸತ್ತಿದೀನಾ?" ಎಂದು ಹುಲಿಯಪ್ಪ ನಿಲ್ದಾಣದಲ್ಲೇ ಕೇಳಿದ. "ಮನೇಲಿ ಗಂಡಸ್ರು ಇರುವಾಗ ಹೊರಗಿನವ್ರನ್ನ ಕರೆಸ್ತಾರೇನಾ ಮಾರಾಯ?"

ಹುಲಿಯಪ್ಪನಿಗೆ ಕಟ್ಟಡದ ಅನುಭವ ಇತ್ತು. ಮೂವತ್ತು ವರ್ಷದ ಹಿಂದೆ ಯಾವುದೋ ಸೇತುವೆಯ ಕೆಲಸದಲ್ಲಿ ಅವನು ಸಿಮೆಂಟು ಕಾಯುವ ವಾಚ್‌ಮನ್ ಆಗಿದ್ದ. ನಾಲ್ಕು ತಿಂಗಳು ಸಿಮೆಂಟಿನ ಚೀಲಗಳ ಮೇಲೆ ಮಲಗಿದ್ದವನಿಗೆ ಸಿಮೆಂಟಿನ ಬಗ್ಗೆ ಗೊತ್ತಿಲ್ಲದ್ದು ಏನಿರಲು ಸಾಧ್ಯ? ಆ ನಾಲ್ಕು ತಿಂಗಳಲ್ಲಿ ಅವನು ಎರಡು ಇಂಗ್ಲಿಷ್ ಶಬ್ದ ಕಲಿತಿದ್ದ. ಒಂದು ಲೆವೆಲ್, ಇನ್ನೊಂದು ಕ್ಯೂರಿಂಗ್.

ಮೊದಲು ಬಚ್ಚಲಾಯಿತು. ಅಡುಗೆಮನೆಯ ಪಕ್ಕದ ಉಗ್ರಾಣವನ್ನೇ ಬಚ್ಚಲು ಮಾಡುವುದೆಂದು ಹುಲಿಯಪ್ಪ ತೀರ್ಮಾನಿಸಿದ. ಟೈಲ್ಸ್ ಅಂಗಡಿಯಿಂದ ವಿನಯಾ ಎಂಬ ಹೆಂಗಸು ಟೇಪು ಹಿಡಿದು ಬಂದು ನಾಲ್ಕು ಸಲ ಅಳತೆ ತೆಗೆದಳು. ನಾಲ್ಕು ಸಲ ಯಾಕೆಂದರೆ ಅವಳು ಒಮ್ಮೆ ಅಳೆದು ಹೋದ ಮೇಲೆ ಹುಲಿಯಪ್ಪ ಗೋಡೆಯನ್ನು ಒಂದು ಗೇಣು ಸರಿಸುತ್ತಿದ್ದ. ಎಲ್ಲ ಮುಗಿದಾಗ ಬಾಗಿಲು ಒಳಕ್ಕೆ ತೆರೆದರೆ ಕಮೋಡಿಗೆ ಬಡಿಯುತ್ತಿತ್ತು. ಹೊರಕ್ಕೆ ತೆರೆದರೆ ಅಡುಗೆಮನೆಯ ಬಾಗಿಲನ್ನು ಮುಚ್ಚುತ್ತಿತ್ತು. ಹುಲಿಯಪ್ಪ ಅರ್ಧ ಗಂಟೆ ಯೋಚಿಸಿ ಬಾಗಿಲನ್ನೇ ಕಿತ್ತು ಕನ್ನಮ್ಮನ ಹಳೆಯ ಸೀರೆಯೊಂದನ್ನು ಕಟ್ಟಿದ. "ಗಾಳಿ ಆಡ್ತದೆ" ಎಂದ.

ಅಷ್ಟರಲ್ಲಿ ಮನೆಗೆ ಸಾಮಾನು ಬರತೊಡಗಿತು. ನಿರಂಜನ ಮನೆ ಸಜ್ಜು ಮಾಡುತ್ತಿದ್ದಾನೆ ಎಂದು ಕೇಳಿದ ನೆಂಟರೆಲ್ಲ ಕರುಳು ಕಿವುಚಿದಂತಾಗಿ, ತಮ್ಮ ಅಟ್ಟದ ಮೇಲೆ ಬಿಸಾಡಲು ಮನಸ್ಸು ಬಾರದೆ ಉಳಿದಿದ್ದದ್ದನ್ನೆಲ್ಲ ಉಡುಗೊರೆಯಾಗಿ ಕಳಿಸಿದರು. ಸ್ಪ್ರಿಂಗು ಮೇಲೆದ್ದ ಸೋಫಾ ಬಂತು. ಮೂರು ಕಾಲಿನ ಮಂಚ ಬಂತು. ನಾಲ್ಕನೆಯ ಕಾಲು ಹಿಂದಿನಿಂದ ಕಳಿಸುತ್ತೇವೆ ಎಂದರು. ಗಾಜಿಲ್ಲದ ಷೋಕೇಸು ಬಂತು. ನಿಂತುಹೋದ ಗೋಡೆ ಗಡಿಯಾರಗಳು ಮಾತ್ರ ಐದು ಬಂದವು, ಟೈಮ್ ಕೀಪರಿನ ಮನೆಯಲ್ಲವೇ ಎಂದು. ಒಂದನ್ನೂ ಬೇಡವೆನ್ನುವಂತಿರಲಿಲ್ಲ. ಬೇಡವೆಂದರೆ ಕನ್ನಮ್ಮನ ಕಣ್ಣಲ್ಲಿ ನೀರು ಬರುತ್ತಿತ್ತು.

ಗಡಿಯಾರಕ್ಕೆ ಮೊಳೆ ಹೊಡೆಯುವಾಗ ನಡುಮನೆಯ ಗೋಡೆಯಿಂದ ಒಂದು ಬುಟ್ಟಿಯಷ್ಟು ಮಣ್ಣು ಉದುರಿತು. ಐದನೆಯ ಗಡಿಯಾರದ ಹೊತ್ತಿಗೆ ಗೋಡೆಯ ಮಗ್ಗುಲು ಪೂರಾ ಬತ್ತಲಾಯಿತು. ಮಣ್ಣಿನ ಗೋಡೆ ಮೆತ್ತಲು ಈಗ ಯಾರಿಗೆ ಬರುತ್ತದೆ? ಸೋದರತ್ತೆ ಗುತ್ಯಮ್ಮನಿಗೆ ಬರುತ್ತದೆ ಎಂದು ಕನ್ನಮ್ಮನಿಗೆ ನೆನಪಾಯಿತು. ಎಪ್ಪತ್ತೆರಡರ ಗುತ್ಯಮ್ಮ ಹೊಸನಗರದ ಕಡೆಯಿಂದ ಬಸ್ಸು ಹತ್ತಿ ಬಂದು, ಎರಡು ದಿನದಲ್ಲಿ ಗೋಡೆ ಮೆತ್ತಿ, ಕೆಮ್ಮಣ್ಣು ಬಳಿದು, ಕನ್ನಡಿಯಂತೆ ಮಾಡಿ ಇಟ್ಟಳು. ಆ ಮನೆಯಲ್ಲಿ ಸರಿಯಾಗಿ ಆದ ಕೆಲಸವೆಂದರೆ ಅದೊಂದೇ.

ಕುಂಟನಿಗೆ ಎಂಟು ಚೇಷ್ಟೆ. ಆ ಕೆಂಪು ಗೋಡೆ ನೋಡಿ ನಿರಂಜನನಿಗೆ ಸಾಗರದ ಹೋಟೆಲೊಂದು ನೆನಪಾಯಿತು. ಅಲ್ಲಿ ತನ್ನ ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ಪ್ರವಾಸಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಶಾ ಓದಿದವಳು, ಪುಸ್ತಕಗಳ ನಡುವೆ ಇರುವವಳು; ಮನೆಯೊಳಗೆ ಕಾಲಿಟ್ಟ ಕೂಡಲೇ ಅಂಥದೊಂದು ಕಂಡರೆ ಮೂರು ಕಾಲಿನ ಮಂಚದ ಕಡೆ ನೋಡಲಿಕ್ಕಿಲ್ಲ ಎಂದು ಅವನ ಲೆಕ್ಕಾಚಾರ.

"ಅತ್ತೆ, ಈ ಗೋಡೆಗೊಂದು ಹಸೆ ಬರೆದುಬಿಡಿ" ಎಂದ.

ಗುತ್ಯಮ್ಮ ಕೈ ತೊಳೆಯುತ್ತಿದ್ದವಳು ನಿಂತಳು. "ಹಸೆ ಅಂದ್ರೆ ಕ್ಯಾಲೆಂಡರ್ ಅಲ್ಲ ಕಣಾ. ಮದುವೆ ಗೊತ್ತಾದ ಮನೇಲಿ ಬರೆಯದು. ಮದುಮಕ್ಳು ಅದರ ಮುಂದೆ ಕೂರ್ಬೇಕು. ಸುಮ್‌ಸುಮ್ನೆ ಬರೆದ್ರೆ ಗೋಡೆ ಕೇಳ್ತದೆ, ಎಲ್ಲಿ ಜೋಡಿ ಅಂತ."

"ಮದುವೆ ಅಂತಲೇ ತಿಳ್ಕಳಿ. ಆದಂಗೇ ಲೆಕ್ಕ" ಎಂದು ನಿರಂಜನ ನಾಚಿ ನಕ್ಕ.

ಮುದುಕಿ ಮುಂದೆ ಕೇಳಲಿಲ್ಲ. ಅವಳ ಕಾಲದಲ್ಲಿ ಗಂಡಸು ನಾಚಿ ನಕ್ಕರೆ ಮದುವೆ ಗೊತ್ತಾಯಿತೆಂದೇ ಅರ್ಥ. ಅಕ್ಕಿ ಅರೆದು ಬಿಳಿ ಮಾಡಿದಳು, ಅಕ್ಕಿ ಹುರಿದು ಕಪ್ಪು ಮಾಡಿದಳು, ಪುಂಡಿ ನಾರಿನ ಕುಂಚ ಕಟ್ಟಿದಳು. ಹಸೆ ಎಂದ ಮೇಲೆ ಹಾಡಿಲ್ಲದೆ ಆಗುವುದಿಲ್ಲ. ಓಣಿಯಲ್ಲಿದ್ದ ತಮ್ಮವರ ಮೂರು ಮನೆಗೆ ಹೋಗಿ ಹೆಂಗಸರನ್ನು ಕರೆದಳು. ಮಂಗಳವಾರ ಇಡೀ ಹಗಲು ಆ ಮನೆಯಿಂದ ಮದುವೆಯ ಹಾಡು ಕೇಳಿತು. ನಿರಂಜನ ಆಗ ನಿಲ್ದಾಣದಲ್ಲಿ ಯಾವುದೋ ಬಸ್ಸಿಗೆ ಸೀಟಿ ಊದುತ್ತಿದ್ದ.

ಸಂಜೆ ಅವನು ಮನೆಗೆ ಬಂದಾಗ ಪಕ್ಕದ ಮನೆಯ ದುಗ್ಗಮ್ಮ ಅಂಗಳದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಅಲ್ದಾ ನಿರಂಜನ, ಗೋಡೆಗೆ ಗೋಡೆ ತಾಗಿಸಿಕಂಡು ಇದೀವಿ. ನಂಗೊಂದು ಮಾತು ಹೇಳ್ಬಾರದಾಗಿತ್ತಾ?"

"ಎಂತದು ದುಗ್ಗಮ್ಮ? ಇನ್ನೂ ಎಂತದೂ ಆಗಿಲ್ಲ."

"ಹಸೆ ಬರೆದಾಗಿದೆ, ಎಂತದೂ ಆಗಿಲ್ಲ ಅಂತಾನೆ! ಹುಡುಗಿ ಯಾರು ಅಂತ ನಂಗೆ ಗೊತ್ತಿಲ್ಲ ಅಂದ್ಕಂಡ್ಯಾ? ನಾಲ್ಕು ಸಲ ಬಂದು ಬಚ್ಚಲು ಅಳೆದು ಹೋದಳಲ್ಲ. ಕಟ್ಟಿಕೊಳ್ಳೋಳಲ್ಲದೆ ಬೇರೆ ಯಾರು ಬಚ್ಚಲನ್ನ ನಾಲ್ಕು ಸಲ ಅಳೀತಾರೆ?"

ನಿರಂಜನ ಅಲ್ಲವೆಂದ. ಅಲ್ಲವೆನ್ನುವಾಗ ಅವನ ಮುಖ ಕೆಂಪಾಯಿತು. ದುಗ್ಗಮ್ಮನಿಗೆ ಅಷ್ಟು ಸಾಕಾಯಿತು. ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಟೈಲ್ಸ್ ಅಂಗಡಿಯ ವಿನಯಾಳಿಗೂ ಟೈಮ್ ಕೀಪರ್ ನಿರಂಜನನಿಗೂ ಮದುವೆ ಎಂಬುದು ಸಂತೆಮಾಳದಲ್ಲಿ ಇತ್ಯರ್ಥವಾಗಿತ್ತು. ಹನ್ನೊಂದಕ್ಕೆ ಪಂಚಾಯಿತಿಯ ಬಿಲ್ ಕಲೆಕ್ಟರ್ ಪೂರ್ಣೇಶ್ ನಿಲ್ದಾಣಕ್ಕೇ ಬಂದು ವಿವಾಹ ನೋಂದಣಿಯ ಫಾರಂ ಕೊಟ್ಟ.

"ಆಮೇಲೆ ಓಡಾಡ್ಬೇಡಿ ಅಂತ ಈಗಲೇ ತಂದೆ. ಮನೆ ತೆರಿಗೆದೂ ಜೊತೇಲೇ ಕಟ್ಟಿಬಿಡಿ."

"ರೀ, ನಂಗೆ ಮದುವೆ ಗೊತ್ತಾಗಿಲ್ಲ ರೀ."

"ಹಂಗಾದ್ರೆ ಗೋಡೆ ಮೇಲೆ ಬರೆದಿದ್ದು ಎಂತ? ನಾನೇ ನೋಡಿ ಬಂದೆ. ಚಂದ ಇದೆ." ಪೂರ್ಣೇಶ್ ದನಿ ತಗ್ಗಿಸಿದ. "ಅವಳ ಗಂಡನಿಂದ ಡೈವೋರ್ಸ್ ಆಗಿದೆ ತಾನೇ? ಅದರ ಜೆರಾಕ್ಸ್ ಒಂದು ಬೇಕಾಗ್ತದೆ."

ವಿನಯಾಳಿಗೆ ಗಂಡನಿದ್ದ. ಡೈವೋರ್ಸ್ ಆಗಿರಲಿಲ್ಲ. ಅವನು ಗೂಡ್ಸ್ ಆಟೋ ಓಡಿಸುತ್ತಿದ್ದ. ಅವತ್ತು ನಿರಂಜನನ ಅಡುಗೆಮನೆಗೆ ಬರಬೇಕಿದ್ದ ಕೊನೆಯ ಎರಡು ಪೆಟ್ಟಿಗೆ ಟೈಲ್ಸ್ ಅವನ ಆಟೋದಲ್ಲೇ ಇದ್ದವು. ಅವನು ನಿಲ್ದಾಣದ ನಡುಮಧ್ಯೆ ಆಟೋ ನಿಲ್ಲಿಸಿ, ಪೆಟ್ಟಿಗೆಗಳನ್ನು ಒಂದೊಂದಾಗಿ ನಿರಂಜನನ ಕಾಲ ಬುಡಕ್ಕೆ ಎತ್ತಿ ಹಾಕಿ, ಮಾತಾಡದೆ ಹೋದ. ತೀರ್ಥಹಳ್ಳಿಯ ಬಸ್ಸು ಆ ಚೂರುಗಳಿಂದಾಗಿ ಹನ್ನೊಂದು ನಿಮಿಷ ತಡವಾಯಿತು. ಡ್ರೈವರ್ ಸೀಟಿ ಊದಿ ನಿರಂಜನನನ್ನು ಬೈದ.

ಬಸ್ ನಿಲ್ದಾಣದಲ್ಲಿ ಆದದ್ದು ಬಸ್ ನಿಲ್ದಾಣದಲ್ಲಿ ಉಳಿಯುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ದಿಕ್ಕಿನ ಕಂಡಕ್ಟರುಗಳು ಟಿಕೆಟ್ಟಿನ ಜೊತೆ ಸುದ್ದಿಯನ್ನೂ ಹರಿದು ಕೊಟ್ಟರು. ಹದಿನೆಂಟು ವರ್ಷ ಬೈಸಿಕೊಂಡವರಿಗೆ ಅಷ್ಟಾದರೂ ಸಂತೋಷ ಬೇಡವೇ? ಆ ವಾರ ಬಸ್ಸುಗಳು ಯಾವ ಹೊತ್ತಿಗೆ ತಲುಪಿದವೋ ಗೊತ್ತಿಲ್ಲ, ಸುದ್ದಿ ಮಾತ್ರ ಸಾಗರಕ್ಕೆ ಗುರುವಾರ ಮಧ್ಯಾಹ್ನ, ಅಲ್ಲಿಂದ ಕೆಳದಿಯ ಕಡೆಗೆ ಶುಕ್ರವಾರ ಮಧ್ಯಾಹ್ನ ಸರಿಯಾದ ಹೊತ್ತಿಗೆ ತಲುಪಿತು.

ಶುಕ್ರವಾರ ಬೆಳಗ್ಗೆಯೇ ಅಡುಗೆಕಟ್ಟೆಗೆ ಕಾಂಕ್ರೀಟು ಹಾಕುವ ಕೆಲಸ. ಮೇಲೆ ಕಲ್ಲು ಹಾಸಿದರೆ ಸಾಲದೇ ಎಂದು ನಿರಂಜನ ಕೇಳಿದ್ದ. "ನಾಳೆ ಅವಳು ರೊಟ್ಟಿ ಬಡಿಯುವಾಗ ಕುಸಿದ್ರೆ?" ಎಂದು ಹುಲಿಯಪ್ಪ ಬೆರಳು ಗಾತ್ರದ ಕಬ್ಬಿಣದ ಸರಳು ತರಿಸಿದ್ದ. ಸೇತುವೆಗೆ ಹಾಕಿದ್ದ ಸರಳು ಅದೇ ಗಾತ್ರದ್ದು. ಆಶಾಳ ರೊಟ್ಟಿಗಾಗಿ ಅರ್ಧ ಅಡಿ ದಪ್ಪದ ಕಟ್ಟೆ ತಯಾರಾಯಿತು.

"ಲೆವೆಲ್ ನೋಡ್ಬೇಕು" ಎಂದ ಹುಲಿಯಪ್ಪ. ಮಟ್ಟಗೋಲು ಇರಲಿಲ್ಲ. ಈಗಿನ ಫೋನಿನಲ್ಲೇ ಮಟ್ಟ ತೋರಿಸುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ನಿರಂಜನ ತನ್ನ ಫೋನು ಕೊಟ್ಟ. ಸಿಮೆಂಟು ತಾಗಬಾರದೆಂದು ಹುಲಿಯಪ್ಪ ಜವಾಬ್ದಾರಿಯಿಂದ ಅದನ್ನು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸರಳುಗಳ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ "ಕರೆಕ್ಟ್" ಎಂದ. ಆಮೇಲೆ "ಹಾಕಿ" ಎಂದ. ಬಾಣಲೆ ಹಿಡಿದು ಕಾಯುತ್ತಿದ್ದವನು ನಿರಂಜನನೇ. ಹಾಕಿದ. ಹನ್ನೆರಡು ಬಾಣಲೆ ಹಾಕಿದ. ಮೇಲೆ ನುಣ್ಣಗೆ ಕರಣೆ ಎಳೆದು, ಎಲ್ಲರೂ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡರು.

ಸಂಜೆ ಐದಕ್ಕೆ ಅಡುಗೆಕಟ್ಟೆ ಕೊಳಲು ನುಡಿಸಿತು.

ಗುತ್ಯಮ್ಮ ಕೈ ಮುಗಿದಳು. ಕನ್ನಮ್ಮ ಗಂಡನ ಮುಖ ನೋಡಿದಳು. ನಿರಂಜನ ಜೇಬು ಮುಟ್ಟಿಕೊಂಡು, ಲುಂಗಿ ಕೊಡವಿ, ಆಮೇಲೆ ಕಟ್ಟೆಯ ಮೇಲೆ ಕಿವಿಯಿಟ್ಟ. ಸಿಮೆಂಟು ಇನ್ನೂ ತಣ್ಣಗಿತ್ತು, ಒಳಗೆ ಆಶಾ ಕರೆಯುತ್ತಿದ್ದಳು.

"ಭಾವ! ಫೋನು!"

"ಕೈ ತೆಗೀ!" ಎಂದು ಹುಲಿಯಪ್ಪ ಕೂಗಿದ. "ಸೆಟ್ ಆಗ್ತಾ ಇದೆ. ಈಗ ಒಂದು ಬೆರಳು ತಾಗಿದ್ರೂ ಒಳಗೆ ಬಿರುಕು ಬಿಡ್ತದೆ. ಏಳು ದಿನ ನೀರು ಹಾಕಿ ಕ್ಯೂರಿಂಗ್ ಮಾಡ್ಬೇಕು."

"ಅವಳು ಕರೀತಿದಾಳೆ ಭಾವ."

"ಕರೀಲಿ. ಯಾರಿಗೋಸ್ಕರ ಕಟ್ಟಿದ್ದು ಈ ಕಟ್ಟೆ? ಅವಳಿಗೋಸ್ಕರ. ಅದನ್ನ ಒಡೆದು ಅವಳ ಹತ್ರ ಮಾತಾಡ್ತೀಯಾ? ಬುದ್ಧಿ ಇದೆಯಾ?"

ಈ ಮಾತಿನಲ್ಲಿ ಏನೋ ತಪ್ಪಿದೆ ಎಂದು ನಿರಂಜನನಿಗೆ ಅನ್ನಿಸಿತು. ಏನೆಂದು ಹುಡುಕುವಷ್ಟರಲ್ಲಿ ಕೊಳಲು ನಿಂತಿತು. ಆಗ ಕಟ್ಟೆಯನ್ನು ಚಮಚದಲ್ಲಿ ಕೆರೆದರೂ ಫೋನು ಕೈಗೆ ಬರುತ್ತಿತ್ತು. ಏಳು ಗಂಟೆಗೆ ಮತ್ತೆ ನುಡಿಯಿತು. ಆಗ ಒಂದು ಉಳಿ ಸಾಕಿತ್ತು. ಶನಿವಾರ ಬೆಳಗ್ಗೆ ಎಂಟಕ್ಕೆ ಮೂರನೆಯ ಸಲ ನುಡಿದಾಗ ಓಣಿಯವರೆಲ್ಲ ಕೇಳಲು ಬಂದಿದ್ದರು. ನಿರಂಜನ ಚೆಂಬು ಹಿಡಿದು ಕಟ್ಟೆಗೆ ನೀರು ಹಾಕುತ್ತಿದ್ದ. ನೀರು ಹಾಕುತ್ತಲೇ ಪೂರ್ತಿ ಕೇಳಿದ. ದುಗ್ಗಮ್ಮ, "ಪಾಪ, ಟೈಲ್ಸ್ ಅಂಗಡಿಯವಳು ಇರ್ಬೇಕು" ಎಂದಳು. ಆಮೇಲೆ ಬ್ಯಾಟರಿ ಮುಗಿಯಿತು.

ಅವಳ ನಂಬರು ಅವನಿಗೆ ಬಾಯಿಪಾಠವಿರಲಿಲ್ಲ. ಅದೇ ನಂಬರಿನ ಇನ್ನೊಂದು ಸಿಮ್ ತೆಗೆದುಕೊಂಡರೆ ಅವಳಾದರೂ ಮತ್ತೆ ಕರೆಯಬಹುದು ಎಂದು ಮೊಬೈಲ್ ಅಂಗಡಿಗೆ ಹೋದ. ಫೋನು ಕಳೆದಿದೆ ಎಂಬ ಚೀಟಿಯನ್ನು ಠಾಣೆಯಿಂದ ತರಬೇಕೆಂದರು. ಠಾಣೆಯ ಮುಖ್ಯ ಪೇದೆ ಪೆನ್ನು ತೆಗೆದು ಕೇಳಿದ.

"ಎಲ್ಲಿ ಕಳೀತು?"

"ಮನೇಲಿ ಸಾರ್. ಅಡುಗೆಕಟ್ಟೆ ಒಳಗಿದೆ."

ಪೇದೆ ಪೆನ್ನು ಕೆಳಗಿಟ್ಟ. "ಎಲ್ಲಿದೆ ಅಂತ ಗೊತ್ತಿದ್ರೆ ಅದು ಕಳೆದಿದ್ದು ಹೆಂಗಾಗ್ತದೆ ಮಾರಾಯಾ?"

"ತೆಗೆಯೋಕೆ ಆಗಲ್ಲ ಸಾರ್."

"ಯಾರಾದ್ರೂ ತಡೀತಿದಾರಾ? ಅವರ ಮೇಲೆ ಕಂಪ್ಲೇಂಟ್ ಕೊಡ್ತೀರಾ?"

"ಇಲ್ಲ ಸಾರ್. ನಮ್ಮ ಭಾವ."

ಪೇದೆ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. ತನಗೂ ಒಬ್ಬ ಭಾವ ಇದ್ದಾನೆ ಎಂದು ಹೇಳಿ, ಚಹಾ ಕುಡಿಸಿ ಕಳಿಸಿದ.

ತಾನೇ ಬಸ್ಸು ಹತ್ತಿ ಹೋಗಿ ಬರುತ್ತೇನೆ ಎಂದು ನಿರಂಜನ ಹೇಳದೆ ಇರಲಿಲ್ಲ. ಹೇಳಿದ್ದೇ ತಡ, ಕನ್ನಮ್ಮ ಬಾಗಿಲಿಗೆ ಅಡ್ಡ ನಿಂತಳು. "ಹುಡುಗಿ ಕಡೆಯವ್ರು ಮನೆ ನೋಡೋಕೆ ಮುಂಚೆ ಗಂಡು ಅವರ ಮನೆ ಬಾಗಿಲಿಗೆ ಹೋಗ್ತಾನಾ? ನಮ್ಮ ಮರ್ಯಾದೆ ಎಂತ ಆಗ್ಬೇಕು? ಬರೋ ವಾರದ ಭಾನುವಾರ ಅವ್ರೇ ಬರ್ತಾರಲ್ಲ." ಹುಲಿಯಪ್ಪನಿಗೆ ಬೇರೆಯ ಚಿಂತೆ. ಎರಡು ಗಂಟೆಗೊಮ್ಮೆ ಕಟ್ಟೆಗೆ ನೀರು ಬೀಳಬೇಕು. ಮನೆಯ ಯಜಮಾನನೇ ಊರು ಬಿಟ್ಟರೆ ಯಾರು ಹಾಕುತ್ತಾರೆ? ನಿರಂಜನ ಒಂದು ವಾರ ರಜೆ ಹಾಕಿ ನೀರು ಹಾಕಿದ. ಹದಿನೆಂಟು ವರ್ಷದಲ್ಲಿ ಅವನು ಹಾಕಿದ ಮೊದಲ ರಜೆ ಅದು. ಎರಡು ಗಂಟೆ ಎಂದರೆ ಎರಡೇ ಗಂಟೆ, ಒಂದು ನಿಮಿಷ ಆಚೆ ಈಚೆ ಆಗಲಿಲ್ಲ.

ಕ್ಯೂರಿಂಗ್ ಮುಗಿದ ಮೇಲಿನ ಭಾನುವಾರ ಬಂತು. ಬಚ್ಚಲಿಗೆ ಹೊಸ ಸೀರೆ ಕಟ್ಟಿದರು. ಮಂಚದ ನಾಲ್ಕನೆಯ ಕಾಲಿನ ಜಾಗಕ್ಕೆ ಇಟ್ಟಿಗೆ ಇಟ್ಟು ಮೇಲೆ ಚಾದರ ಇಳಿಬಿಟ್ಟರು. ಕನ್ನಮ್ಮ ಕೊಟ್ಟೆ ಕಡುಬು ಮಾಡಿದಳು. ಹತ್ತೂವರೆಯ ಬಸ್ಸು ಬಂತು, ಹನ್ನೆರಡರದ್ದು ಬಂತು, ಎರಡೂಕಾಲಿನದ್ದು ಬಂತು. ಹುಡುಗಿ ಕಡೆಯವರು ಯಾವುದರಿಂದಲೂ ಇಳಿಯಲಿಲ್ಲ. ನಾಲ್ಕು ಗಂಟೆಗೆ ಹುಲಿಯಪ್ಪ, "ಸಮಯಕ್ಕೆ ಬೆಲೆ ಕೊಡದ ಜನ. ನಮಗೆ ಬೇಡವೇ ಬೇಡ" ಎಂದು ಹನ್ನೊಂದನೆಯ ಹುಡುಗಿಯನ್ನೂ ನಿರಾಕರಿಸಿ ಕಡುಬಿಗೆ ಕೂತ.

ಸೋಮವಾರ ಗ್ರಂಥಾಲಯಕ್ಕೆ ರಜೆ. ಮಂಗಳವಾರ ನಿರಂಜನ ಯಾರಿಗೂ ಹೇಳದೆ ಹೋದ.

ಅದೊಂದು ಒಂಟಿ ಕೋಣೆಯ ಗ್ರಂಥಾಲಯ. ಇಬ್ಬರು ಮುದುಕರು ಒಂದೇ ಪತ್ರಿಕೆಯನ್ನು ಹಂಚಿಕೊಂಡು ಓದುತ್ತಿದ್ದರು. ಆಶಾ ಪುಸ್ತಕಗಳಿಗೆ ಮೊಹರು ಒತ್ತುತ್ತಿದ್ದಳು. ಅವನನ್ನು ನೋಡಿ ಕೋಪ ಮಾಡಲಿಲ್ಲ, ಕುರ್ಚಿ ತೋರಿಸಿದಳು.

"ಹಸೆ ಬರೆಸಿದ್ರಂತೆ. ಬಸ್ಸಲ್ಲಿ ಬಂದವ್ರು ನಮ್ಮಣ್ಣನಿಗೆ ಹೇಳಿದ್ರು. ಅವ್ರೆಲ್ಲ ಕೂಗಾಡಿದ್ರು. ನಾನು ನಂಬ್ಲಿಲ್ಲ. ನಿಮ್ಮನ್ನೇ ಕೇಳಣ ಅಂತ ಫೋನ್ ಮಾಡ್ದೆ. ಮೂರು ಸಲ."

ನಿರಂಜನ ಹೇಳಿದ. ಹೋಟೆಲಿನ ಚಿತ್ತಾರ, ಅತ್ತೆಯ ಹಾಡು, ಬಚ್ಚಲನ್ನು ನಾಲ್ಕು ಸಲ ಅಳೆದವಳು, ಜೆರಾಕ್ಸ್ ಕೇಳಿದ ಪೂರ್ಣೇಶ್, ಕಾಲ ಬುಡಕ್ಕೆ ಬಿದ್ದ ಟೈಲ್ಸು, ಎಲ್ಲವನ್ನೂ ಹೇಳಿದ. ಆಶಾ ಮೊದಲು ತುಟಿ ಕಚ್ಚಿಕೊಂಡಳು. ಆಮೇಲೆ ಮೊಹರು ಕೆಳಗಿಟ್ಟು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮುದುಕರು ಪತ್ರಿಕೆ ಇಳಿಸಿ ನೋಡಿದರು. ನಿರಂಜನನ ಎದೆ ಹಗುರಾಯಿತು. ಎರಡು ವಾರದಲ್ಲಿ ಮೊದಲ ಸಲ ಅವನೂ ನಕ್ಕ. ಆ ಉತ್ಸಾಹದಲ್ಲಿ ಫೋನು ಕಟ್ಟೆಯೊಳಗೆ ಹೋದ ಕತೆಯನ್ನೂ ಹೇಳಿದ.

"ಅಯ್ಯೋ ದೇವರೇ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಾದ್ರೆ ನಾನು ಕರೆದಿದ್ದು ನಿಮಗೆ ಕೇಳ್ಲೇ ಇಲ್ಲ."

"ಕೇಳ್ತು" ಎಂದ ನಿರಂಜನ. "ನಿಮಗೆ ಬೇರೆ ರಿಂಗ್ ಇಟ್ಟಿದ್ದೆ. ಕೊಳಲು. ಮೂರೂ ಸಲ ಕೇಳ್ತು."

ಆಶಾಳ ಕೈ ಸೆರಗಿನಲ್ಲೇ ನಿಂತಿತು.

"ನಾನೇ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಮೊದಲನೇ ಸಲ ಸಿಮೆಂಟು ಗಟ್ಟಿಯಾಗಿತ್ತಾ?"

"ಇಲ್ಲ. ಹಸಿ ಇತ್ತು."

"ಮತ್ತೆ?"

"ಭಾವ ಬೇಡ ಅಂದ್ರು. ಕ್ಯೂರಿಂಗ್ ಆಗ್ಬೇಕಿತ್ತು."

ಅವಳು ಎದುರಿಗಿದ್ದ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟಳು. ಮುದುಕರಲ್ಲೊಬ್ಬ ಪುಟ ತಿರುಗಿಸಿದ. ನಿರಂಜನನ ಕಡೆಯ ಒಳ್ಳೆಯ ಸುದ್ದಿ ಇನ್ನೂ ಒಂದು ಬಾಕಿ ಇತ್ತು. "ಕಟ್ಟೆ ಚೆನ್ನಾಗಿ ಬಂದಿದೆ. ನೀವು ಹೇಳಿದ ಎತ್ತರಕ್ಕೇ ಇದೆ" ಎಂದ.

"ಹಸೆದು ಯಾರಿಗಾದ್ರೂ ಆಗೋ ತಪ್ಪು" ಎಂದಳು ಆಶಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. "ಅದಕ್ಕೆ ನಕ್ಕೆ. ಇದಕ್ಕೆ ನಗು ಬರಲ್ಲ. ನಾಳೆ ಆ ಮನೆ ಒಳಗೆ ನಿಂತು ನಾನು ಕೂಗಿದ್ರೂ ನೀವು ಭಾವನ್ನ ಕೇಳ್ಕಂಡೇ ಬರೋದು. ನಂಗೆ ಕಟ್ಟೆ ಬೇಕಿತ್ತು ನಿಜ. ಕಟ್ಟೆ ಒಂದೇ ಸಾಕಾಗಿದ್ರೆ ನಮ್ಮೂರಲ್ಲೇ ಸಿಗ್ತಿತ್ತು."

"ಇನ್ಮೇಲೆ ಹಂಗೆ ಆಗಲ್ಲ."

"ಭಾವನಿಗೆ ಹೇಳಿ ಬಂದ್ರಾ?"

"ಇಲ್ಲ. ಹೇಳಿದ್ರೆ ಬಿಡ್ತಿರ್ಲಿಲ್ಲ."

ಆಶಾ ತಲೆಯಾಡಿಸಿ ಮೊಹರು ಎತ್ತಿಕೊಂಡಳು. "ಐದೂ ಹತ್ತಕ್ಕೆ ಬಸ್ಸಿದೆ. ತಪ್ಪಿದ್ರೆ ಆಮೇಲೆ ಇಲ್ಲ" ಎಂದಳು. ನಿರಂಜನ ಎದ್ದ. ಅವಳು ಮುಂದಿನ ಪುಸ್ತಕಕ್ಕೆ ಮೊಹರು ಒತ್ತಿದಳು.

ಬಸ್ಸಿನಲ್ಲಿ ಅವನು ಅತ್ತ. ಕಂಡಕ್ಟರನಿಗೆ ಅವನ ಪರಿಚಯವಿತ್ತು. ಮದುವೆಗೆ ಮುಂಚೆ ಎಲ್ಲರಿಗೂ ಹೀಗಾಗುತ್ತದೆ ಎಂದು ಸಮಾಧಾನ ಹೇಳಿ ಟಿಕೆಟ್ಟು ಬೇಡವೆಂದ.

ಅವನು ಮನೆ ಸೇರಿದಾಗ ಎಲ್ಲರೂ ಚಹಾ ಕುಡಿಯುತ್ತಿದ್ದರು. ನಿರಂಜನ ಯಾರ ಮುಖವನ್ನೂ ನೋಡದೆ ಹಿತ್ತಿಲಿಗೆ ಹೋಗಿ ಹಾರೆ ತಂದ. ಅಡುಗೆಮನೆಗೆ ನುಗ್ಗಿ ಕಟ್ಟೆಯ ನಡುವಿಗೆ ಬಲವಾಗಿ ಒಂದು ಹೊಡೆದ. ಕಿಡಿ ಹಾರಿತು. ಇನ್ನೊಂದು ಹೊಡೆದ. ಹಾರೆ ಕೈಯಲ್ಲಿ ಝುಮ್ಮೆಂದಿತು. ಭಾವನ ಮುಂದೆ ಎಂದೂ ದನಿ ಏರಿಸದವನು ಕೂಗಿಕೊಂಡು ಮೂರನೆಯದನ್ನು ಹೊಡೆದ. ಹಾರೆಯ ತುದಿ ಡೊಂಕಾಯಿತು. ಕಟ್ಟೆಯ ಮೇಲೆ ಒಂದು ಗೀರು ಕೂಡ ಬೀಳಲಿಲ್ಲ.

ಬಾಗಿಲಲ್ಲಿ ಹುಲಿಯಪ್ಪ ಲೋಟ ಹಿಡಿದು ನಿಂತಿದ್ದ. ಅವನ ಕಣ್ಣು ತುಂಬಿ ಬಂದಿತ್ತು. ಒಳಗೆ ಬಂದು ಕಟ್ಟೆಯ ಮೇಲೆ ಅಂಗೈ ಆಡಿಸಿದ, ಹಾರೆ ಬಿದ್ದ ಜಾಗವನ್ನು ಬೆರಳಿನಿಂದ ಒರೆಸಿ ನೋಡಿದ.

"ನೋಡಿ! ನೋಡಿ ಬನ್ನಿ ಎಲ್ಲರೂ!" ಎಂದು ಕೂಗಿದ. "ಮೂರು ಪೆಟ್ಟು! ಆಳು ಬಲದ ಮೂರು ಪೆಟ್ಟು! ಎಂತ ಆಗಿದೆ ಹೇಳಿ? ಏಳು ದಿನದ ಕ್ಯೂರಿಂಗ್ ಅಂದ್ರೆ ಇದು!"

ಕನ್ನಮ್ಮ ಬಂದಳು, ಗುತ್ಯಮ್ಮ ಬಂದಳು, ಸದ್ದು ಕೇಳಿ ದುಗ್ಗಮ್ಮನೂ ಓಡಿ ಬಂದಳು. ಎಲ್ಲರೂ ಸರದಿಯ ಮೇಲೆ ಕಟ್ಟೆ ಮುಟ್ಟಿ ನೋಡಿದರು. ನಿರಂಜನ ಡೊಂಕು ಹಾರೆ ಹಿಡಿದು ಮೂಲೆಯಲ್ಲಿ ನಿಂತಿದ್ದ. ತಮ್ಮ ಮನೆಯ ಅಡುಗೆಕಟ್ಟೆ ಒಂದು ಕಡೆ ಕುಸಿದಿದೆ, ನೀವೇ ಬಂದು ಮಾಡಿಕೊಡಬಹುದಾ ಎಂದು ದುಗ್ಗಮ್ಮ ಹುಲಿಯಪ್ಪನನ್ನು ಕೇಳಿದಳು.

"ಅದಕ್ಕೇನು, ಗುರುವಾರದಿಂದಲೇ ಶುರು ಮಾಡಣ" ಎಂದ ಹುಲಿಯಪ್ಪ. "ನೀರು ಹಾಕೋಕೆ ನಿರಂಜನ ಇದಾನೆ."